ಕಲ್ಲಿನ ಮೇಲಿಂದ ಎತ್ತಿದ ರೊಟ್ಟಿ

ನನ್ನ ತಲೆಯಿಂದ ಲಿಲಿ ಹೂವು ಕಿತ್ತ ಕೈ ಬಹಳ ಮೆತ್ತಗಿತ್ತು. ಬೆರಳ ತುದಿ ನನ್ನ ಕಿವಿಗೆ ತಾಗಿತು. ಅದರಲ್ಲಿ ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ನನ್ನ ಅಜ್ಜಿಯ ಕೈ ಹಾಗಿಲ್ಲ. ಅವಳು ತಲೆ ಸವರಿದರೆ ಕೂದಲು ಸಿಕ್ಕಿಕೊಂಡು ಕಿತ್ತು ಬರುತ್ತದೆ.

ಅಜ್ಜಿಯ ಹೆಸರು ಲವೌಸು. ಎಪ್ಪತ್ತಾರು ವರ್ಷ. ನಮ್ಮ ಊರಿನಲ್ಲಿ ಈಗ ನವಣೆ ಬೆಳೆಯುವವಳು ಅವಳೊಬ್ಬಳೇ. ಹಳೇ ಊರು ಬೆಟ್ಟದ ಮೇಲಿತ್ತು. ಹದಿನೈದು ವರ್ಷದ ಹಿಂದೆ ಗಾಳಿಮಳೆಗೆ ಬೆಟ್ಟದ ಒಂದು ಪಕ್ಕವೇ ಜಾರಿ ಊರಿನ ಮೇಲೆ ಕೂತಿತು. ನನಗಾಗ ನಾಲ್ಕು ವರ್ಷ. ಅಜ್ಜಿಯ ಬೆನ್ನ ಬುಟ್ಟಿಯಲ್ಲಿ ಕೂತು ಇಳಿದುಬಂದೆನಂತೆ. ಬುಟ್ಟಿಯಲ್ಲಿ ನಾನಿದ್ದೆ, ಬೀಜಕ್ಕೆಂದು ತೆನೆ ಕಟ್ಟಿಟ್ಟ ಒಂದು ಸಿವುಡು ನವಣೆ ಇತ್ತು. ಬೇರೇನೂ ಇರಲಿಲ್ಲ.

ಕೆಳಗೆ ದಾನದವರು ಮನೆ ಕಟ್ಟಿಕೊಟ್ಟರು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಮನೆ ಕೊಟ್ಟರು, ಹೊಲ ಕೊಡಲಿಲ್ಲ. ಬೇರೆಯವರು ಅಂಗಡಿ ಅಕ್ಕಿಗೆ ಹೊಂದಿಕೊಂಡರು. ಅಜ್ಜಿ ಹೊಂದಿಕೊಳ್ಳಲಿಲ್ಲ. ಹೂತುಹೋದ ಊರಿನ ಮೇಲ್ಗಡೆ, ಬೆಟ್ಟದ ಏಣಿನಲ್ಲಿ, ಒಂದು ತುಂಡು ಹೊಲ ಉಳಿದಿತ್ತು. ಅಲ್ಲಿಗೆ ನಾಲ್ಕು ಗಂಟೆ ನಡಿಗೆ. ಅಲ್ಲೇ ಬಿತ್ತುತ್ತಾಳೆ, ಅಲ್ಲೇ ಕೊಯ್ಯುತ್ತಾಳೆ. ಹಣೆಗೆ ಪಟ್ಟಿ ಕೊಟ್ಟು ಬುಟ್ಟಿ ಹೊತ್ತು ಇಳಿಯುತ್ತಾಳೆ. ಆ ಪಟ್ಟಿ ಒತ್ತಿ ಒತ್ತಿ ಅವಳ ಹಣೆಯಲ್ಲಿ ಒಂದು ತಗ್ಗು ಬಿದ್ದಿದೆ. ಚಿಕ್ಕವಳಿದ್ದಾಗ ನಾನು ಆ ತಗ್ಗಿನಲ್ಲಿ ಬೆರಳಿಟ್ಟುಕೊಂಡು ಕಥೆ ಕೇಳುತ್ತಿದ್ದೆ.

ಅಷ್ಟು ಕಷ್ಟಪಟ್ಟು ತಂದದ್ದರಲ್ಲಿ ಮೊದಲ ಸಿವುಡು ದೊಡ್ಡಮನೆಗೆ ಹೋಗಬೇಕು. ಬೆಟ್ಟ, ಹೊಳೆ, ಹೊಲ ಎಲ್ಲ ದೊಡ್ಡಮನೆಯವರದು, ನಾವು ಉಳುವವರು. ಹಿಂದಿನಿಂದ ಹಾಗೇ. ಈಗ ದೊಡ್ಡಮನೆಯ ಹಿರಿತನ ಎಲ್ರೆಂಗೆಯವರದು. ಅವರ ಅಣ್ಣನಿಗೆ ಮಕ್ಕಳಿರಲಿಲ್ಲ, ಹಾಗಾಗಿ ತಂಗಿಗೆ ಬಂತು. ಊರು ಹೂತುಹೋದ ಮೇಲೆ ಆ ಹೊಲದ ಕಡೆ ಅವರು ಒಂದು ಸಲವೂ ಹತ್ತಿಲ್ಲ. ಅಜ್ಜಿ ಕೊಟ್ಟ ಸಿವುಡುಗಳು ಅವರ ನಡುಮನೆಯ ಗೋಡೆಯಲ್ಲಿ ಸಾಲಾಗಿ ನೇತಾಡುತ್ತವೆ, ಧೂಳು ಹಿಡಿದು.

ಈ ಮೇ ತಿಂಗಳಲ್ಲಿ ಎಲ್ರೆಂಗೆಯವರು ನಮ್ಮ ಮನೆಗೇ ಬಂದರು. ಕೂರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದರು.

"ಲವೌಸು, ಈ ಸಲ ಒಂದು ಸಿವುಡು ಸಾಲಲ್ಲ ಕಣೆ. ಹತ್ತು ಬೇಕು. ಹೋದ ವರ್ಷ ಅಂಗಡಿ ಹಿಟ್ಟಲ್ಲಿ ಹಬ್ಬದ ರೊಟ್ಟಿ ಹಾಕ್ಸಿದ್ವಲ್ಲ, ಕಲ್ಲಿಂದ ತೆಗೆದ್ರೆ ಪುಡಿಪುಡಿ. ಹಬ್ಬ ನೋಡಕ್ಕೆ ಬಂದ ಬಯಲಿನೋರು ಕ್ಯಾಮೆರಾ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಮಾನ ಹೋಯ್ತು."

"ಹಬ್ಬ ಯಾವತ್ತು ಅಮ್ಮಾವ್ರೆ?"

"ಆಗಸ್ಟಿನ ಎರಡನೇ ಶನಿವಾರ ಅಂತ ಪಟ್ಟಣದ ಕಚೇರಿಯೋರು ಗೊತ್ತುಮಾಡಿದಾರೆ. ಜನಕ್ಕೆ ರಜ ಇರತ್ತೆ."

ಮೊದಲೆಲ್ಲ ನವಣೆ ಬಲಿತ ಮೇಲೆ ಹಬ್ಬದ ದಿನ ಗೊತ್ತಾಗುತ್ತಿತ್ತು. ಈಗ ಹಬ್ಬದ ದಿನಕ್ಕೆ ನವಣೆ ಬಲಿಯಬೇಕು. ಅಜ್ಜಿ ಇದನ್ನು ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬೇರೆ ಮಾತು ತೆಗೆದಳು.

"ತರ್ತೀನಿ ಅಮ್ಮಾವ್ರೆ. ಒಂದೇ ಒಂದು ಮಾತು. ನಮ್ಮ ಸೆಲೆಪೆಗೆ ಹತ್ತೊಂಬತ್ತಾಯ್ತು. ನಾನು ಕಣ್ಣು ಮುಚ್ಚೋ ಮೊದಲು ಅವಳ ತಲೇಲಿ ಹೂವು ನೋಡಬೇಕು."

ಎಲ್ರೆಂಗೆಯವರು ನನ್ನನ್ನು ನೋಡಲಿಲ್ಲ. ಹಿತ್ತಲಲ್ಲಿ ಕೆಸುವಿನ ಗೆಡ್ಡೆ ತೊಳೆಯುತ್ತಿದ್ದ ಅವ್ವನ ಬೆನ್ನು ನೋಡಿದರು.

"ಮೊದ್ಲು ನವಣೆ ಬರಲಿ. ಆಮೇಲೆ ನೋಡಣ."

ಲಿಲಿ ಹೂವು ನಮ್ಮಲ್ಲಿ ಸುಮ್ಮನೆ ಮುಡಿಯುವ ಹೂವಲ್ಲ. ಗಂಡಸಾದರೆ ಆರು ಕಾಡುಹಂದಿ ಹೊಡೆದಿರಬೇಕು. ಹೆಂಗಸಾದರೆ ಕಳಂಕ ಇರಬಾರದು. ಇದೆಯೋ ಇಲ್ಲವೋ ದೊಡ್ಡಮನೆ ಹೇಳಬೇಕು. ಅವ್ವ ಹದಿನೆಂಟಕ್ಕೆ ಬೆಟ್ಟ ಇಳಿದು ಬಂದರಿನ ಪಟ್ಟಣಕ್ಕೆ ಕಟ್ಟಡ ಕೆಲಸಕ್ಕೆ ಹೋದಳು. ಹನ್ನೆರಡನೇ ಮಹಡಿಯಲ್ಲಿ ನಿಂತು ಕಬ್ಬಿಣದ ಸರಳು ಕಟ್ಟುತ್ತಿದ್ದಳು. ಅಲ್ಲಿ ಬಯಲಿನ ಲಾರಿ ಡ್ರೈವರೊಬ್ಬನ ಜೊತೆ ಇದ್ದಳು. ಅವನು ಹೋದ, ನಾನು ಹುಟ್ಟಿದೆ. ಊರಿಗೆ ಬಂದ ಮೊದಲ ಹಬ್ಬದಲ್ಲೇ ಅವ್ವನ ತಲೆಯ ಹೂವು ತೆಗೆಸಿದರು. ತಾಯಿಗಿಲ್ಲದ್ದು ಮಗಳಿಗೂ ಇಲ್ಲ ಅಂದರು. ನನಗಾಗ ಎಂಟು ತಿಂಗಳು. ನನ್ನ ತಲೆಯಲ್ಲಿ ಇನ್ನೂ ಕೂದಲೇ ಬಂದಿರಲಿಲ್ಲ. ಅವ್ವ ನನ್ನನ್ನು ಅಜ್ಜಿಗೆ ಒಪ್ಪಿಸಿ ಮತ್ತೆ ಪಟ್ಟಣಕ್ಕೆ ಹೋದಳು, ಬೆಟ್ಟ ಜಾರಿದ ಮೇಲೆಯೇ ವಾಪಸು ಬಂದದ್ದು.

ಎಲ್ರೆಂಗೆಯವರು ಹೋದ ಮೇಲೆ ಅವ್ವ ಒಳಗೆ ಬಂದಳು. ಅವಳ ಹೆಸರು ಸಲಬು. ಮಾತು ಕಮ್ಮಿ, ಆಡಿದರೆ ಕಬ್ಬಿಣ.

"'ನೋಡಣ' ಅಂದ್ರು, ನೀನು ಹಲ್ಲು ಬಿಟ್ಟೆ. ಎಪ್ಪತ್ತಾರು ವರ್ಷದಿಂದ ಅದೇ ಬಾಯಿ ನೋಡ್ತಿದೀಯ, ಇನ್ನೂ ನಂಬ್ತೀಯಲ್ಲವ್ವ."

"ಆಗಲ್ಲ ಅನ್ಲಿಲ್ವಲ್ಲೇ."

"ಆಗಲ್ಲ ಅಂದ್ರೆ ನೀನು ಹತ್ತು ಸಿವುಡು ಹೊರ್ತೀಯಾ?"

ಅಜ್ಜಿ ಎದ್ದು ಕತ್ತಿ ಮಸೆಯಲು ಕೂತಳು. ಎರಡು ದಿನ ಅವ್ವನ ಜೊತೆ ಮಾತೂ ಆಡಲಿಲ್ಲ.

ಹೂವಿನ ಆಸೆ ನನಗಿರಲಿಲ್ಲ ಅಂದರೆ ಸುಳ್ಳಾದೀತು. ಇತ್ತು. ತುಂಬ ಇತ್ತು. ಅಜ್ಜಿಯ ಕಥೆಗಳಲ್ಲಿ ಎಲ್ಲರ ತಲೆಯಲ್ಲೂ ಲಿಲಿ ಇರುತ್ತಿತ್ತು. ಬಾಲೆಂಗೆಯ ಕಥೆಯಂತೂ ನಾನು ಸಾವಿರ ಸಲ ಕೇಳಿದ್ದೇನೆ. ಅವಳು ದೊಡ್ಡಮನೆಯ ಹೆಣ್ಣು. ಸರೋವರದ ಹಾವರಸನನ್ನು ಮೆಚ್ಚಿದಳು. ಎಲ್ಲರ ಕಣ್ಣಿಗೆ ಅವನು ಹಾವು, ಅವಳ ಕಣ್ಣಿಗೆ ಮಾತ್ರ ಚೆಲುವ. ಹೋಗಬೇಡ ಅಂದರೂ ಹೋದಳು. "ನೀರಿನ ಮೇಲೆ ನನ್ನ ಟೋಪಿ ಗಿರಗಿರ ತಿರುಗಿದಾಗ ನಾನು ಅವನ ಮನೆ ಸೇರಿದೆ ಅಂದ್ಕೊಳಿ" ಎಂದು ಹೇಳಿ ನೀರಿಗಿಳಿದಳು. ಟೋಪಿ ತಿರುಗುವ ಹೊತ್ತಿಗೆ ನಾನು ಯಾವಾಗಲೂ ನಿದ್ದೆಹೋಗುತ್ತಿದ್ದೆ.

ಒಂದು ದಿನ ಆ ಕಥೆ ಕೇಳಿಸಿಕೊಂಡ ಅವ್ವ ಒಲೆ ಊದುತ್ತಾ ಅಂದಳು: "ದೊಡ್ಡಮನೆ ಹುಡುಗಿ ಹಾವಿನ ಹಿಂದೆ ಹೋದ್ಲು, ಅವಳನ್ನ ಬಟ್ಟೆ ಮೇಲೆ ಕಸೂತಿ ಹಾಕೊಂಡ್ರು. ನಾನು ಮನುಷ್ಯನ ಹಿಂದೆ ಹೋದೆ."

ಆಮೇಲೆ ಆ ಕಥೆಯಲ್ಲಿ ನನಗೆ ನಿದ್ದೆ ಬರುವುದು ನಿಂತುಹೋಯಿತು.

ಜೂನ್, ಜುಲೈ ಪೂರ್ತಿ ನಾನೂ ಅಜ್ಜಿಯೂ ಹೊಲದಲ್ಲೇ ಇದ್ದೆವು. ಹಳೇ ಮನೆಯ ಎರಡು ಕಲ್ಲುಗೋಡೆ ಉಳಿದಿವೆ, ಅದಕ್ಕೆ ತಗಡು ಹೊದಿಸಿಕೊಂಡು ಮಲಗುತ್ತಿದ್ದೆವು. ಬೆಳಕು ಹರಿದರೆ ಗುಬ್ಬಿಗಳ ದಂಡು. ಅಜ್ಜಿ ಹೊಲದ ತುಂಬ ಸೀಳುಬಿದಿರು ನೆಟ್ಟು ಎಲ್ಲಕ್ಕೂ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟಿದ್ದಳು. ಎಳೆದರೆ ಇಡೀ ಹೊಲ ಪಟಪಟ ಅನ್ನುತ್ತದೆ. ದಿನಕ್ಕೆ ಎಷ್ಟು ಸಲ ಎಳೆದೆನೋ. ಅಂಗೈ ಸಿಪ್ಪೆ ಸುಲಿಯಿತು. ನಾನು ಕನಸು ಕಾಣುತ್ತ ಕೈಬಿಟ್ಟರೆ ಅಜ್ಜಿ ಆ ತುದಿಯಿಂದ ಕೂಗುತ್ತಿದ್ದಳು: "ಲೇ, ನೆಂಟರು ಬಂದು ಊಟಕ್ಕೆ ಕೂತಿದಾರೆ! ಎಲೆ ಹಾಕ್ಲಾ?"

ಕೊಯ್ಲಿಗೆ ನಿಂತಾಗ ನಗು ಇಲ್ಲ. ನವಣೆಗೆ ಕಿವಿ ಇದೆ. ಜೋರಾಗಿ ಮಾತಾಡಬಾರದು. ಬೇಸರ ಅನ್ನಬಾರದು. ಎಲ್ಲಕ್ಕಿಂತ ದೊಡ್ಡ ತಪ್ಪು ಸೀನುವುದು. ಸೀನಿದರೆ ಅಂದಿನ ಕೆಲಸ ಮುಗಿಯಿತು. ಕತ್ತಿ ಕೆಳಗಿಟ್ಟು ಮನೆಗೆ ಹೋಗಬೇಕು, ಬೇರೆ ದಿನ ನೋಡಿ ಮತ್ತೆ ಶುರುಮಾಡಬೇಕು. ಇಲ್ಲದಿದ್ದರೆ ಕೇಡು.

ಮೊದಲ ದಿನ, ಹಬ್ಬಕ್ಕೆ ಇನ್ನು ಹತ್ತೇ ದಿನ. ಒಂದೊಂದೇ ತೆನೆ ಹಿಡಿದು ಕೊಯ್ಯುತ್ತಿದ್ದೆವು. ತೆನೆಯ ಸುಂಕಿನ ಧೂಳು ಹಾರಿ ಮೂಗಿಗೆ ಹೋಯಿತು. ಮೂಗು ಹಿಸುಕಿಕೊಂಡೆ. ಉಸಿರು ಕಟ್ಟಿದೆ. ಕಣ್ಣಲ್ಲಿ ನೀರು ಬಂತು. ಆದರೂ ಸೀನು ಬಂದೇಬಿಟ್ಟಿತು. ಸಣ್ಣದು, ಬೆಕ್ಕಿನ ಸೀನಿನಂಥದು.

ಅಜ್ಜಿಯ ಬೆನ್ನು ನನ್ನ ಕಡೆಗಿತ್ತು. ಆ ಬೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅವಳ ಕತ್ತಿ ಮುಂದಿನ ತೆನೆಗೆ ಹೋಯಿತು.

ಕೇಳಿಸಿಲ್ಲ ಅಂದುಕೊಂಡೆ. ನಾನೂ ಹೇಳಲಿಲ್ಲ. ಹೇಳಿದರೆ ನಾಲ್ಕೈದು ದಿನ ಹೋಗುತ್ತಿತ್ತು. ಶನಿವಾರ ತಪ್ಪುತ್ತಿತ್ತು. ಹೂವು ತಪ್ಪುತ್ತಿತ್ತು.

ಹತ್ತು ಸಿವುಡನ್ನು ಮೂರು ಸಲ ಹತ್ತಿ ಇಳಿದು ಸಾಗಿಸಿದೆವು. ಕೊನೆಯ ಸಲ ಇಳಿಯುವಾಗ ಅಜ್ಜಿಯ ಮೊಣಕಾಲು ಹಿಡಿದುಕೊಂಡಿತು. ಬುಟ್ಟಿ ನಾನು ಹೊರುತ್ತೇನೆ ಅಂದರೆ ಕೊಡಲಿಲ್ಲ. ಬುಟ್ಟಿಯ ಸಮೇತ ಕೂತು ಕುಂಡೆಯ ಮೇಲೆ ಜಾರಿಕೊಂಡೇ ಇಳಿದಳು. ನಡುವೆ ಒಂದು ಕಡೆ ತಟ್ಟನೆ ನಿಂತು ಬಂಡೆಯ ಬಿರುಕಿಗೆ ಕೈಹಾಕಿದಳು. ತಡವಾಗಿ ಅರಳಿದ ಒಂದೇ ಒಂದು ಲಿಲಿ. "ಇಕಾ, ನಿನಗೇ ಅಂತ ಕಾದಿದೆ" ಅಂದಳು. ಒದ್ದೆ ಪಾಚಿಯಲ್ಲಿ ಸುತ್ತಿ ಬುಟ್ಟಿಯ ಮೇಲಿಟ್ಟಳು.

ಶನಿವಾರ ಬಂತು. ಅಜ್ಜಿ ನನ್ನ ತಲೆ ಬಾಚಿ, ಹಬ್ಬದ ಪಟ್ಟಿ ಕಟ್ಟಿ, ಹಣೆಯ ಬಲಗಡೆಗೆ ಹೂವು ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮೂಗು ಒರೆಸಿಕೊಂಡಳು. ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

"ಕೇಳಿದೀಯ ಅವರನ್ನ?"

"ನವಣೆ ಕೊಟ್ಟಿದೀನಿ. ಇನ್ನೇನು ಕೇಳೋದು?"

ಊರಬಾಗಿಲಲ್ಲಿ ಕಚೇರಿಯವರು ಮೇಜು ಹಾಕಿದ್ದರು. ಮೇಜಿನ ಮೇಲೆ ಒಂದು ದೊಡ್ಡ ಡಬ್ಬಿ ತುಂಬ ಪ್ಲಾಸ್ಟಿಕ್ ಲಿಲಿ. ಬಂದ ಅತಿಥಿಗಳಿಗೆಲ್ಲ ಒಂದೊಂದು. ಬಯಲಿನ ಅಜ್ಜಂದಿರು, ಬಸ್ಸಿನ ಡ್ರೈವರು, ಐಸ್‌ಕ್ಯಾಂಡಿ ಚೀಪುತ್ತಿದ್ದ ಮಕ್ಕಳು, ಎಲ್ಲರ ತಲೆಯಲ್ಲೂ ಹೂವು. ಅವರು ಎಷ್ಟು ಹಂದಿ ಹೊಡೆದಿದ್ದರು? ಅವರ ಕಳಂಕ ನೋಡಿದವರು ಯಾರು?

ಹಬ್ಬದ ಮೈದಾನದ ನಡುವೆ ಹಗ್ಗ ಸುತ್ತಿ ಗಂಡಸರ ಜಾಗ ಮಾಡಿದ್ದರು. ಆ ಹಗ್ಗ ಹೆಂಗಸರು ದಾಟುವಂತಿಲ್ಲ. ಒಳಗೆ ಬೆಂಕಿಯಲ್ಲಿ ಕಾದ ಚಪ್ಪಡಿಕಲ್ಲು. ಕಲ್ಲಿನ ಮೇಲೆ ಬಾಳೆಎಲೆ, ಎಲೆಯ ಮೇಲೆ ನಮ್ಮ ನವಣೆಯ ಹಿಟ್ಟು, ಮೊರದಗಲ. ಮೇಲೆ ಮತ್ತೆ ಎಲೆ, ಬಿಸಿಕಲ್ಲು, ಮಣ್ಣು. ರೊಟ್ಟಿ ಬೆಂದ ಮೇಲೆ ಹಿರಿಯ ಬಸಕಲಾನೆ ಬಿಡಿಸಿ ಓದಬೇಕು. ತೇವ ಇದ್ದರೆ ಮಳೆ ಚೆನ್ನಾಗಿ ಆಗುತ್ತದೆ, ವರ್ಷ ಒಳ್ಳೆಯದು. ಒಣಗಿದ್ದರೆ ಕಷ್ಟ. ಬಸಕಲಾನೆ ಅಜ್ಜಿಗೆ ಚಿಕ್ಕಪ್ಪನ ಮಗ. ನಮ್ಮಂತೆಯೇ ಉಳುವವರ ಮನೆಯವನು. ಆದರೆ ಗಂಡಸು.

ಎಲ್ರೆಂಗೆಯವರು ಗರಿಯ ಕಿರೀಟ ತೊಟ್ಟು ಅತಿಥಿಗಳ ಜೊತೆ ಬಂದರು. ನನ್ನ ಮುಂದೆ ನಿಂತರು.

"ಇದ್ಯಾರು ಮುಡಿಸಿದ್ದು?"

"ಅಜ್ಜಿ."

"ನೋಡಣ ಅಂದಿದ್ದೆ ಲವೌಸು. ಕೊಡ್ತೀನಿ ಅಂದಿದ್ನಾ?" ದನಿ ಏರಲಿಲ್ಲ. ಅತಿಥಿಗಳಿಗೆ ಏನೂ ಗೊತ್ತಾಗಬಾರದು ಎಂದು ಮುಖದಲ್ಲಿ ನಗು ಹಾಗೇ ಇತ್ತು. "ಒಬ್ಬರಿಗೆ ಬಿಟ್ರೆ ಎಲ್ರಿಗೂ ಬಿಡಬೇಕಾಗತ್ತೆ. ಊರು ಅಂದ್ಮೇಲೆ ಒಂದು ರೀತಿ ಇರಬೇಕಲ್ವಾ?"

ಆ ಮೆತ್ತನೆಯ ಕೈ ಬಂತು. ಹೂವು ಹೋಯಿತು.

ಪಕ್ಕದಲ್ಲಿದ್ದ ಬಯಲಿನ ಹೆಂಗಸೊಬ್ಬಳು ಕಣ್ಣರಳಿಸಿದಳು. "ಅಯ್ಯೋ, ಇದು ನಿಜವಾದ ಹೂವಾ? ನಮಗೆಲ್ಲ ಪ್ಲಾಸ್ಟಿಕ್ ಕೊಟ್ರು."

ಎಲ್ರೆಂಗೆಯವರು ನಕ್ಕರು. ನನ್ನ ಹೂವನ್ನು ಅವಳ ತಲೆಗೆ ಸಿಕ್ಕಿಸಿದರು.

ಆ ಹೆಂಗಸು ಕೆಟ್ಟವಳಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. "ನೀನೂ ಬಾರಮ್ಮ, ಒಂದು ಫೋಟೊ" ಎಂದು ನನ್ನ ಹೆಗಲ ಮೇಲೆ ಕೈಹಾಕಿದಳು. ನಾನು ನಿಂತೆ. ಅದಕ್ಕಿಂತ ಹೆಚ್ಚಿನದೂ ಮಾಡಿದೆ. ನಕ್ಕೆ. ಆ ಫೋಟೊ ಎಲ್ಲೋ ಯಾರದೋ ಫೋನಿನಲ್ಲಿದೆ. ಅದರಲ್ಲಿ ನನ್ನ ಹಲ್ಲು ಕಾಣುತ್ತದೆ.

ತಿರುಗಿ ನೋಡಿದರೆ ಅಜ್ಜಿ ಪಕ್ಕದಲ್ಲಿರಲಿಲ್ಲ.

ಅವಳು ಹಗ್ಗದ ಹತ್ತಿರ ಹೋಗಿದ್ದಳು. ನೋಯುವ ಮೊಣಕಾಲನ್ನು ಕೈಯಲ್ಲಿ ಎತ್ತಿ ಹಗ್ಗದ ಆಚೆಗಿಟ್ಟಳು. ಆಮೇಲೆ ಇನ್ನೊಂದು ಕಾಲು.

"ಅಕ್ಕಾ! ಲವೌಸಕ್ಕ! ಎಲ್ಲಿಗೆ ಬರ್ತಿದೀಯ? ಈ ಕಡೆ ಬರಬೇಡ!" ಬಸಕಲಾನೆ ಎರಡೂ ಕೈ ಅಡ್ಡ ಹಿಡಿದ.

"ಆ ಕಡೆ ಸರಿಯೋ."

ಗಂಡಸರೆಲ್ಲ ಹಿಂದಕ್ಕೆ ಸರಿದರು. ಮುಟ್ಟಿ ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ. ಮೈಕು ಹಿಡಿದಿದ್ದ ಕಚೇರಿಯ ಹುಡುಗಿ ಇದೂ ಕಾರ್ಯಕ್ರಮದ್ದೇ ಅಂದುಕೊಂಡಳು. "ಈಗ ಊರಿನ ಹಿರಿಯಜ್ಜಿ ರೊಟ್ಟಿಗೆ ಗೌರವ ಸಲ್ಲಿಸ್ತಾರೆ" ಎಂದು ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನನ್ನ ಅಜ್ಜಿ ಕೋಲು ತೆಗೆದುಕೊಂಡು ಮಣ್ಣು ಕೆದರಿದಳು. ಬಿಸಿಕಲ್ಲುಗಳನ್ನು ಒಂದೊಂದಾಗಿ ಉರುಳಿಸಿದಳು. ಆವಿ ಮುಖಕ್ಕೆ ಹೊಡೆಯಿತು. ಕೂತಳು. ಬರಿಗೈ ಚಾಚಿ ಎಲೆಯ ಸಮೇತ ರೊಟ್ಟಿಯನ್ನು ಎತ್ತಿದಳು.

ಚಪ್ಪಾಳೆ ನಿಂತಿತು. ಸುಟ್ಟ ವಾಸನೆ ಬಂತು. ಅದು ಎಲೆಯದೋ ಕೈಯದೋ ತಿಳಿಯಲಿಲ್ಲ.

ನಾನು ಕಲ್ಲಾಗಿ ನಿಂತಿದ್ದೆ. ಅವ್ವ ಓಡಿದಳು. ಅವಳು ಹಗ್ಗ ದಾಟಲಿಲ್ಲ, ತುಳಿದುಕೊಂಡೇ ಹೋದಳು. ತನ್ನ ಮೇಲ್ಬಟ್ಟೆ ಬಿಚ್ಚಿ ರೊಟ್ಟಿಯ ಕೆಳಗೆ ಹಿಡಿದಳು.

"ಬಿಡವ್ವ, ಕೈ ಸುಡ್ತಿದೆ!"

"ಸುಡಲಿ. ನೀನು ಆ ಕಡೆ ಹಿಡಿ."

"ಲವೌಸು!" ಎಲ್ರೆಂಗೆಯವರ ನಗು ಈಗ ಹೋಗಿತ್ತು. "ಊರಿಗೇ ಕೇಡು ತರ್ತಿದೀಯ! ಇಡು ಕೆಳಗೆ! ಅದು ಹಬ್ಬದ್ದು!"

ಅಜ್ಜಿ ಅವರ ಮುಖ ನೋಡಿದಳು. ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾನು ಬೆಳೆದಿದ್ದು."

ಅಷ್ಟೇ. ಅಮ್ಮಾವ್ರೆ ಅನ್ನಲಿಲ್ಲ.

ತಾಯಿ ಮಗಳು ಹೆಣ ಹೊತ್ತವರ ಹಾಗೆ ಆ ರೊಟ್ಟಿ ಹಿಡಿದುಕೊಂಡು ಜನರ ನಡುವೆ ನಡೆದರು. ಆಗ ನನ್ನ ಕಾಲು ಬಂತು. ಹಿಂದೆ ನಡೆದೆ. ಯಾರೋ ಉಗಿದರು. ಯಾರೋ "ಸೂಳೆ ಮನೆ" ಅಂದರು. ಸ್ವಲ್ಪ ಹೊತ್ತಿನಲ್ಲೇ ಮೈದಾನದಲ್ಲಿ ಹಾಡು ಶುರುವಾಯಿತು. ಅಂಗಡಿ ಹಿಟ್ಟಿನ ಪೊಟ್ಟಣ ಅವರ ಹತ್ತಿರ ಇದ್ದೇ ಇತ್ತು.

ಮನೆಯಲ್ಲಿ ಅವ್ವ ಅಜ್ಜಿಯ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಸಿದಳು. ಅಂಗೈ ತುಂಬ ಬೊಬ್ಬೆ. ನಾನು ಎಲೆ ಬಿಡಿಸಿದೆ. ರೊಟ್ಟಿಯ ಒಂದು ಪಕ್ಕ ಕರಿ ಹಿಡಿದಿತ್ತು. ನಡುವೆ ಹಸಿಹಿಟ್ಟು. ಇನ್ನೊಂದು ಅಂಚು ಮಾತ್ರ ಹದವಾಗಿ ಬೆಂದು ಹಳದಿಯಾಗಿತ್ತು.

"ಏನು ಹೇಳತ್ತೆ ಅಜ್ಜಿ?"

ಅಜ್ಜಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅರವತ್ತು ವರ್ಷ ಬೆಳೆದುಕೊಟ್ಟಿದ್ದಳು. ಹಬ್ಬದ ರೊಟ್ಟಿಯನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ನನಗೆ ಓದಕ್ಕೆ ಬರಲ್ಲ ಕಣೆ. ಯಾರು ಕಲಿಸಿದಾರೆ?" ಅಂದಳು. ಆಮೇಲೆ, "ತಿನ್ನಕ್ಕೆ ಬರತ್ತೆ. ಬಾಯಿಗಿಡು."

ಬೆಂದ ಅಂಚನ್ನು ಮುರಿದು ಬಾಯಿಗಿಟ್ಟೆ. ಹಸಿಯದನ್ನು ಅವ್ವ ಒಲೆಯ ಮೇಲೆ ಹಾಕಿ ಮತ್ತೆ ಬೇಯಿಸಿದಳು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಒಂಬತ್ತನೆಯ ದಿನ ಗಾಳಿಮಳೆಯ ಎಚ್ಚರಿಕೆ ಬಂತು. ಅಷ್ಟರಲ್ಲಾಗಲೇ ಊರು ನಮ್ಮನ್ನು ಬಿಟ್ಟಿತ್ತು. ಪಕ್ಕದ ಮನೆಯವಳು ಒಗೆದ ಬಟ್ಟೆಯನ್ನು ನಮ್ಮ ಕಡೆಯ ತಂತಿಯಿಂದ ತೆಗೆದಿದ್ದಳು. ಮಧ್ಯಾಹ್ನ ಮೋಡ ತಾಮ್ರದ ಬಣ್ಣಕ್ಕೆ ತಿರುಗಿತು. ಗಾಳಿ ಏಳುತ್ತಿತ್ತು. ಆಗ ಬಸಕಲಾನೆ ಬಂದ. ಹಿಂದೆ ಏಳೆಂಟು ಜನ. ಅವರ ಹಿಂದೆ ಕೊಡೆ ಹಿಡಿದು ಎಲ್ರೆಂಗೆಯವರು.

"ಅಕ್ಕ, ಮೊಂಡಾಟ ಸಾಕು" ಅಂದ ಬಸಕಲಾನೆ. "ಬಂದು ದೊಡ್ಡಮನೆ ಬಾಗ್ಲಲ್ಲಿ ತಪ್ಪಾಯ್ತು ಅನ್ನು. ಒಂದು ಮಾತು. ಇಷ್ಟು ಜನಕ್ಕೆ ಮಕ್ಕಳು ಮರಿ ಇದಾವೆ."

ಅಜ್ಜಿಯ ಕೈಗಳು ಬಟ್ಟೆ ಸುತ್ತಿಕೊಂಡು ಮಡಿಲಲ್ಲಿದ್ದವು. ಅವಳ ಮುಖ ಬಿಳಿಚಿತ್ತು. ಅವಳು ಹೆದರಿದ್ದಳು. ಹೆದರಿರಲಿಲ್ಲ ಎಂದು ಬರೆದರೆ ಅವಳಿಗೆ ಮೋಸ. ಒಳಗೆ ತಿರುಗಿ ನಮ್ಮಿಬ್ಬರನ್ನು ಕೇಳಿದಳು:

"ನಾನೇ ತಂದ್ನಾ ಈ ಗಾಳೀನ?"

ನನಗೆ ತಡೆಯಲಾಗಲಿಲ್ಲ. "ನೀನಲ್ಲ ಅಜ್ಜಿ. ನಾನು. ಕೊಯ್ಲಿನ ಮೊದಲ ದಿನ ನಾನು ಸೀನಿದ್ದೆ."

"ಕೇಳಿಸ್ತು."

"ಕೇಳಿಸ್ತಾ? ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಹೂವು ತಪ್ಪೋಗತ್ತಲ್ಲ ಅಂತ."

ಅವ್ವ ಎದ್ದು ಬಾಗಿಲಿಗೆ ಬಂದಳು. "ಬಸಕಲಾನೆ ಮಾವ, ಒಂದು ಕೇಳ್ತೀನಿ. ಹಳೇ ಊರು ಮಣ್ಣಾದ ವರ್ಷ ರೊಟ್ಟಿ ಓದಿದ್ದು ನೀನೇ ತಾನೆ?"

ಅವನು ಹೂಂಗುಟ್ಟಿದ.

"ಏನಂತ ಓದಿದೆ?"

"ತೇವ ಇತ್ತು."

"ಏನಂತ ಓದಿದೆ, ಎಲ್ಲರಿಗೂ ಕೇಳೋ ಹಾಗೆ ಹೇಳು."

"ಇಂಥ ವರ್ಷ ಕಂಡಿಲ್ಲ, ಬಹಳ ಒಳ್ಳೇದು ಅಂತ."

"ಆರನೇ ದಿನಕ್ಕೆ ಬೆಟ್ಟ ಬಂತು. ಅವತ್ತು ಹಗ್ಗ ದಾಟಿದ್ದು ಯಾರು? ಕಲ್ಲಿಂದ ರೊಟ್ಟಿ ಎತ್ತಿದ್ದು ಯಾರು? ನಾನಂತೂ ಪಟ್ಟಣದಲ್ಲಿ ಸರಳು ಕಟ್ತಿದ್ದೆ."

ಬಸಕಲಾನೆ ತನ್ನ ಕಾಲು ನೋಡಿಕೊಂಡ. ಅವನ ಹೆಂಡತಿ ಆ ಮಣ್ಣಿನಡಿಯಲ್ಲೇ ಇದ್ದಾಳೆ. ಅವ್ವನಿಗೂ ಅದು ನೆನಪಾಯಿತೇನೋ, ಮುಂದಕ್ಕೆ ಹೋಗಲಿಲ್ಲ.

ಎಲ್ರೆಂಗೆಯವರು ಕೊಡೆಯನ್ನು ಗಾಳಿಗೆ ಎದುರು ಹಿಡಿದು ಮುಂದೆ ಬಂದರು. "ಮಾತು ಚೆನ್ನಾಗಿ ಕಲ್ತಿದಾಳೆ ಮಗಳು. ಲವೌಸು, ನೀನು ಹೇಳು. ಇವತ್ತು ಬರ್ತೀಯೋ ಇಲ್ವೋ? ಆ ಹೊಲ ಯಾರದು ಅಂತ ಮರೀಬೇಡ. ನಾಳೆಯಿಂದ ಕಾಲಿಡಬೇಡ ಅಂದ್ರೆ ಏನು ಮಾಡ್ತೀಯ?"

ಅಜ್ಜಿ ಗೋಡೆಯ ಕಡೆ ನೋಡಿದಳು. ಗೋಡೆಯಲ್ಲಿ ಬೀಜದ ಸಿವುಡು ಒಂದೇ ಒಂದು ನೇತಾಡುತ್ತಿತ್ತು. ಗಾಳಿಗೆ ಅಲ್ಲಾಡುತ್ತಿತ್ತು. ಅವಳು ನನ್ನ ಹೆಗಲು ಹಿಡಿಯಲು ಹೋಗಿ, ಕೈ ನೋವಾಗಿ, ಮೊಣಕೈ ಊರಿ ಎದ್ದು ನಿಂತಳು. ಬಾಗಿಲಿಗೆ ಬಂದಳು.

"ಬೇಡ ಅಂದ್ರೆ ಬೇಡ. ನಿಮ್ಮ ಹೊಲ, ನೀವೇ ಬಿತ್ತಿ. ನಿಮ್ಮನೆ ಗೋಡೇಲಿ ನಾನು ಕೊಟ್ಟಿದ್ದು ಹದಿನೈದು ಸಿವುಡು ಇದೆ. ಧೂಳು ಕೊಡವಿದ್ರೆ ಮೊಳಕೆ ಬಂದ್ರೂ ಬರಬಹುದು."

"ನಾಲಿಗೆ ಹಿಡಿದು ಮಾತಾಡು."

"ದಾರಿ ಗೊತ್ತಿಲ್ದಿದ್ರೆ ತೋರಿಸ್ತೀನಿ." ಅಜ್ಜಿ ಮೂಲೆಯ ಬುಟ್ಟಿಯನ್ನು ಕಾಲಿನಿಂದ ಹೊಸ್ತಿಲಿನ ತನಕ ತಳ್ಳಿದಳು. ಹಣೆಪಟ್ಟಿ ಬೆವರಿಗೆ ಕಪ್ಪಾಗಿ ಅದರ ಮೇಲೆ ಬಿದ್ದಿತ್ತು. "ನನ್ನ ಕೈಯಲ್ಲಿ ಆಗಲ್ಲ. ನೀವೇ ಹೊತ್ಕೊಳಿ."

ಗಾಳಿ ಎಲ್ರೆಂಗೆಯವರ ಕೊಡೆಯನ್ನು ಮಗುಚಿ ಹಾಕಿತು. ಅವರು ಬುಟ್ಟಿಯನ್ನು ನೋಡಿದರು. ಅಜ್ಜಿಯ ಹಣೆಯ ತಗ್ಗನ್ನು ನೋಡಿದರು. ಬುಟ್ಟಿ ಮುಟ್ಟಲಿಲ್ಲ.

ಮೊದಲ ಹನಿಗಳು ಬಿದ್ದವು. ಜನ ಒಬ್ಬೊಬ್ಬರಾಗಿ ಮನೆಗಳ ಕಡೆ ಓಡಿದರು. ಬುಟ್ಟಿ ಹೊಸ್ತಿಲಲ್ಲೇ ನೆನೆಯುತ್ತಿತ್ತು. ನಾನು ಹೋಗಿ ಅದನ್ನು ಒಳಗೆ ತಂದೆ. ಪಟ್ಟಿಯನ್ನು ನನ್ನ ಹಣೆಗೆ ಕೊಟ್ಟು ನೋಡಿದೆ. ಹೂವಿದ್ದ ಜಾಗದ ಮೇಲೇ ಅದು ಬಂದು ಕೂತಿತು.